ದ್ರಾಕ್ಷೀಲತೆಯೂ ರಕ್ಷಣಧರ್ಮವೂ

ಆಶ್ರಯಿಸಿದವರನ್ನು ಕಾಪಾಡುವುದು ಧರ್ಮವೆಂಬ ವಿಷಯದಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಕಾಪಾಡುವುದೆಂದರೇನು, ಅದರ ಮೇರೆ ಯಾವುದು, ಕಾಪಾಡುವವನಿಗೆ ಆಶ್ರಿತನ ಮೇಲೆ ಎಷ್ಟು ಅಧಿಕಾರವುಂಟು ಎಂದು ವಿಚಾರಿಸತೊಡಗಿದೊಡನೆಯೇ ಸಂಶಯಗಳು ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಮಳೆ ಬಂದಾಗ ಕೊಡೆ ಹಿಡಿಯುವುದು ರಕ್ಷಣೆ. ಮಳೆ ನಿಂತ ಮೇಲೂ ಮಡಿಸದೆ ಹಿಡಿದೇ ಇರುವುದು ರಕ್ಷಣೆಯೆ? ಹುಣ್ಣಿಗೆ ಲೇಪ ಹಚ್ಚುವುದು ದಯೆ. ಅದೇ ಹುಣ್ಣನ್ನು ವೈದ್ಯನು ಶಸ್ತ್ರದಿಂದ ಕೊಯ್ಯುವುದು ಕ್ರೌರ್ಯವೆ? ಇಂತಹ ಪ್ರಶ್ನೆಗಳಿಗೆ ಶಾಸ್ತ್ರಗ್ರಂಥಗಳಲ್ಲಿ ಉತ್ತರವನ್ನು ಅರಸುವುದು ಒಂದು ಮಾರ್ಗ. ಮನೆಯ ಹಿತ್ತಲಿನಲ್ಲಿ ಅರಸುವುದು ಇನ್ನೊಂದು ಮಾರ್ಗ. ದೊಡ್ಡಬಳ್ಳಾಪುರದ ಸೀಮೆಯವರಿಗೆ ಈ ಎರಡನೆಯ ಮಾರ್ಗದಲ್ಲಿ ಒಳ್ಳೆಯ ಉಪಾಧ್ಯಾಯಿನಿಯೊಬ್ಬಳು ಸಮೀಪದಲ್ಲಿಯೇ ಇದ್ದಾಳೆ. ಅವಳೇ ದ್ರಾಕ್ಷಿಯ ಬಳ್ಳಿ.

ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿಯು ಈ ತಾಲ್ಲೂಕನ್ನು ಹಾದು ಹೆಸರಘಟ್ಟದ ಕಡೆಗೆ ಇಳಿಯುತ್ತದೆ. ಅದರ ಸುತ್ತಣ ಕೆಂಪು ನೆಲಕ್ಕೆ ದ್ರಾಕ್ಷಿಯು ಅಪರಿಚಿತವಾದುದಲ್ಲ. ಬೆಂಗಳೂರಿನ ನಗರ ಮತ್ತು ಗ್ರಾಮಾಂತರ ಜಿಲ್ಲೆಗಳು, ಚಿಕ್ಕಬಳ್ಳಾಪುರ, ಕೋಲಾರ ಈ ಪ್ರಾಂತಗಳಲ್ಲಿ ಬೆಳೆಯುವ ‘ಬೆಂಗಳೂರು ನೀಲಿ’ ಎಂಬ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಕಪ್ಪು ಬಣ್ಣ, ದಪ್ಪ ಸಿಪ್ಪೆ, ಒಳಗೆ ಬೀಜ, ನಾಲಗೆಗಿಂತ ಮೊದಲು ಮೂಗಿಗೆ ತಿಳಿಯುವ ಪರಿಮಳ, ಇವು ಅದರ ಲಕ್ಷಣಗಳು. ಕಲ್ಲುಕಂಬಗಳನ್ನು ನೆಟ್ಟು, ಮೇಲೆ ತಂತಿಗಳನ್ನೆಳೆದು, ಚಪ್ಪರದಂತೆ ಅದನ್ನು ಹಬ್ಬಿಸುವುದು ಇಲ್ಲಿನ ವಾಡಿಕೆ. ಈಚಿನ ಕಾಲದಲ್ಲಿ ಇದೇ ನೆಲದಲ್ಲಿ ಗುಲಾಬಿಗೂ ದೊಣ್ಣೆಮೆಣಸಿನಕಾಯಿಗೂ ಪ್ಲಾಸ್ಟಿಕ್ ಹಾಳೆ ಹೊದಿಸಿದ ಪಾಲಿಹೌಸುಗಳು ಎದ್ದಿವೆ. ಅವುಗಳನ್ನು ದಿನವೂ ನೋಡುವ ಗೃಹಸ್ಥನೊಬ್ಬನು ತನ್ನ ಹಿತ್ತಲಿನಲ್ಲಿಯೂ 10 ಅಡಿ ಅಗಲ, 20 ಅಡಿ ಉದ್ದದ ಒಂದು ಹಸಿರುಮನೆಯನ್ನು ಕಟ್ಟಿಸಿ, ಅದರೊಳಗೆ ಎರಡು ದ್ರಾಕ್ಷಿಬಳ್ಳಿಗಳನ್ನು ನೆಟ್ಟನೆಂದು ಭಾವಿಸಬಹುದು. ಅವನು ಮೃದುಹೃದಯನು. ಅವನ ಸಂಕಲ್ಪಗಳು ಎರಡು. ಹೊರಗಿನ ಯಾವ ಕಷ್ಟವೂ ಬಳ್ಳಿಗಳಿಗೆ ತಟ್ಟಬಾರದೆಂಬುದು ಒಂದು. ಅವುಗಳ ಮೈಮೇಲೆ ಕತ್ತರಿ ಆಡಬಾರದೆಂಬುದು ಎರಡನೆಯದು. ಈ ಎರಡು ಸಂಕಲ್ಪಗಳೂ ನೋಡುವುದಕ್ಕೆ ಪ್ರೀತಿಯಿಂದಲೇ ಹುಟ್ಟಿದವು. ಆದರೆ ಇವುಗಳಿಂದ ಬಳ್ಳಿಗೆ ಒಳಿತಾಗುವುದೆ ಎಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ಕತ್ತರಿ ಆಡಬಾರದೆಂಬುದಕ್ಕೆ ಗೃಹಸ್ಥನು ಕಾಳಿದಾಸನನ್ನೇ ಸಾಕ್ಷಿಗೆ ಕರೆಯಬಲ್ಲನು. ಶಾಕುಂತಲದ ನಾಲ್ಕನೆಯ ಅಂಕದಲ್ಲಿ ಮಗಳನ್ನು ಗಂಡನ ಮನೆಗೆ ಕಳುಹಿಸುವ ಕಣ್ವಮಹರ್ಷಿಯು ತಪೋವನದ ಮರಗಳನ್ನು ಸಂಬೋಧಿಸುತ್ತಾನೆ. ಅವುಗಳಿಗೆ ನೀರೆರೆಯದೆ ತಾನು ನೀರು ಕುಡಿಯದಿದ್ದವಳು, ಅಲಂಕಾರದಲ್ಲಿ ಆಸೆಯಿದ್ದರೂ ಅವುಗಳ ಮೇಲಣ ಸ್ನೇಹದಿಂದ ಒಂದು ಚಿಗುರನ್ನೂ ಕೀಳದಿದ್ದವಳು ಈ ಶಕುಂತಲೆಯೆಂದು ಹೇಳುತ್ತಾನೆ. ಸ್ನೇಹವೆಂದರೆ ಚಿಗುರು ಕೀಳದಿರುವುದು ಎಂಬುದಕ್ಕೆ ಇದಕ್ಕಿಂತ ಸುಂದರವಾದ ಪ್ರಮಾಣವು ಬೇರೆಲ್ಲಿಯೂ ದೊರೆಯಲಾರದು. ಹೀಗಿರುವಲ್ಲಿ ಕತ್ತರಿ ಹಿಡಿದು ಬಳ್ಳಿಯ ಬಳಿಗೆ ಹೋಗುವವನು ಸ್ನೇಹಿತನೆ, ವೈರಿಯೆ?

ಆದರೆ ದ್ರಾಕ್ಷಿಯ ಬದುಕು ಆರಂಭವಾಗುವುದೇ ಛೇದನದಿಂದ ಎಂಬುದನ್ನು ಮರೆಯಬಾರದು. ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದಾಧ್ಯಾಯದಲ್ಲಿ ದಾಳಿಂಬೆ, ಮಾದಲ ಮೊದಲಾದವುಗಳ ಸಾಲಿನಲ್ಲಿ ದ್ರಾಕ್ಷಿಯನ್ನೂ ಸೇರಿಸಿ, ಇವು ಕಾಂಡದಿಂದ ನೆಡತಕ್ಕವು, ಕಾಂಡಕ್ಕೆ ಸಗಣಿಯನ್ನು ಬಳಿದು ನೆಡಬೇಕು ಎಂದು ವಿಧಿಸಿದ್ದಾನೆ. ಇಂದಿಗೂ ದ್ರಾಕ್ಷಿಯನ್ನು ನೆಡುವವರು ತಾಯಿಬಳ್ಳಿಯಿಂದ ಕಡ್ಡಿಯನ್ನು ಕತ್ತರಿಸಿ ತಂದೇ ಬೇರು ಬರಿಸುತ್ತಾರೆ. ಆದುದರಿಂದ ಕತ್ತರಿಯನ್ನು ಮುಟ್ಟೆನೆಂದು ಪ್ರತಿಜ್ಞೆ ಮಾಡುವ ಗೃಹಸ್ಥನ ಬಳ್ಳಿಯು ಅವನ ಹಿತ್ತಲಿಗೆ ಬಂದುದೇ ಮತ್ತೊಬ್ಬನ ಕತ್ತರಿಯ ಮೂಲಕ. ಶಕುಂತಲೆಯ ವನಜ್ಯೋತ್ಸ್ನೆಯು ತಪೋವನದಲ್ಲಿ ಮಾವಿನ ಮರವನ್ನು ತಾನಾಗಿ ಆಶ್ರಯಿಸಿ ಹಬ್ಬಿದ ಬಳ್ಳಿ. ಹೂವಿನ ಹೊರತು ಅದರಿಂದ ಯಾರೂ ಏನನ್ನೂ ಬೇಡಿದವರಲ್ಲ. ಹಿತ್ತಲಿನ ದ್ರಾಕ್ಷಿಯಾದರೋ ಹಣ್ಣು ಬೇಕೆಂದು ತಂದುದು. ಒಂದರ ಧರ್ಮವನ್ನು ಇನ್ನೊಂದಕ್ಕೆ ಹಾಗೆಯೇ ಹೊಂದಿಸಲಾಗದು.

ಇನ್ನು ದ್ರಾಕ್ಷಿಯ ಸ್ವಭಾವವನ್ನು ನೋಡಬೇಕು. ಶೀತದೇಶಗಳಲ್ಲಿ ಶರತ್ಕಾಲ ಕಳೆದೊಡನೆ ಅದರ ಎಲೆಗಳು ಉದುರಿ, ಬಳ್ಳಿಯು ಕೆಲವು ತಿಂಗಳು ನಿದ್ರೆ ಹೋಗುತ್ತದೆ. ವಸಂತದಲ್ಲಿ ಕಣ್ಣುಗಳೆಲ್ಲವೂ ಒಟ್ಟಿಗೆ ಎಚ್ಚೆತ್ತು ಚಿಗುರುತ್ತವೆ. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ದೊಡ್ಡಬಳ್ಳಾಪುರದಲ್ಲಿ ಪುಷ್ಯಮಾಘಗಳ ರಾತ್ರಿ ಎಷ್ಟೇ ಚಳಿಯೆನಿಸಿದರೂ ಬಳ್ಳಿಯನ್ನು ಮಲಗಿಸುವಷ್ಟು ಶೀತ ಇಲ್ಲಿಲ್ಲ. ನಿದ್ರೆಯಿಲ್ಲದೆ ಅದು ವರ್ಷವಿಡೀ ಹಸಿರಾಗಿರುತ್ತದೆ. ನೋಡುವವರಿಗೆ ಅದು ಸಮೃದ್ಧಿಯೆಂದು ತೋರುವುದು. ವಾಸ್ತವವಾಗಿ ಅದು ಬಳಲಿಕೆ. ಮುದಿ ಎಲೆಯೂ ಎಳೆ ಎಲೆಯೂ ಒಂದೇ ಕಡ್ಡಿಯಲ್ಲಿ ಸೇರಿಕೊಂಡು, ತುದಿಯ ಕಣ್ಣುಗಳು ಮಾತ್ರವೇ ಚಿಗುರುತ್ತ, ಬುಡದವು ಕುರುಡಾಗುತ್ತವೆ. ಹಣ್ಣು ಬರುವುದು ಹಿಂದಿನ ಬೆಳವಣಿಗೆಯಲ್ಲಿ ಬಲಿತ ಕಡ್ಡಿಯಿಂದ ಹೊರಡುವ ಹೊಸ ಚಿಗುರಿನಲ್ಲಿ. ಹೊಸ ಚಿಗುರು ಒಟ್ಟಾಗಿ ಹೊರಡಬೇಕಾದರೆ ಹಳೆಯದು ಹೋಗಬೇಕು. ಶಿಶಿರವು ಮಾಡದ ಆ ಕಾರ್ಯವನ್ನು ಇಲ್ಲಿ ಮನುಷ್ಯನು ಮಾಡಬೇಕಾಗಿದೆ. ವಿಜಯಪುರದ ಕಡೆಯ ಬೆಳೆಗಾರರು ಇದನ್ನು ‘ಚಾಟ್ನಿ’ ಎನ್ನುತ್ತಾರೆ. ಕಡ್ಡಿಯನ್ನು ಬೆಳೆಸುವುದಕ್ಕೆ ಏಪ್ರಿಲಿನಲ್ಲಿ ಒಂದು, ಹಣ್ಣಿಗಾಗಿ ಅಕ್ಟೋಬರಿನಲ್ಲಿ ಒಂದು. ಬೆಂಗಳೂರು ನೀಲಿಯನ್ನು ಈ ಸೀಮೆಯಲ್ಲಿ ವರ್ಷಕ್ಕೆ ಎರಡಾವರ್ತಿ ಸವರಿ ಎರಡು ಫಸಲನ್ನು ಪಡೆಯುವುದುಂಟು. ಸವರಿದ ಸುಮಾರು ನಾಲ್ಕು ತಿಂಗಳಿಗೆ ಹಣ್ಣು. ಒಟ್ಟಿನಲ್ಲಿ, ಈ ದೇಶದಲ್ಲಿ ದ್ರಾಕ್ಷಿಗೆ ಕತ್ತರಿಯೇ ಶಿಶಿರ.

ಇದಕ್ಕೆ ವಿಪರೀತವಾದ ಸ್ಥಿತಿಯು ಇಂಗ್ಲೆಂಡಿನದು. ಅಲ್ಲಿ ದ್ರಾಕ್ಷಿಗೆ ನಿದ್ರೆಗೆ ಕೊರತೆಯಿಲ್ಲ, ಬೇಸಗೆಗೆ ಕೊರತೆ. ಅದಕ್ಕಾಗಿ ಅಲ್ಲಿಯ ಜನರು ಬಳ್ಳಿಗೆ ಗಾಜಿನ ಮನೆಯನ್ನು ಕಟ್ಟಿದರು. ಥೇಮ್ಸ್ ನದಿಯ ತೀರದಲ್ಲಿರುವ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಲ್ಯಾನ್ಸೆಲಾಟ್ ಬ್ರೌನ್ ಎಂಬ ಉದ್ಯಾನಶಿಲ್ಪಿಯು 1768ರಲ್ಲಿ ನೆಡಿಸಿದ ‘ಬ್ಲ್ಯಾಕ್ ಹ್ಯಾಂಬರ್ಗ್’ ಜಾತಿಯ ಬಳ್ಳಿಯು ಎರಡೂವರೆ ಶತಮಾನ ಕಳೆದರೂ ಬದುಕಿದ್ದು, ವರ್ಷಕ್ಕೆ ಸುಮಾರು 270 ಕಿಲೋಗ್ರಾಂ ಹಣ್ಣು ಕೊಡುತ್ತದೆ. ಅದರ ಆರೈಕೆಯಲ್ಲಿ ಗಮನಿಸತಕ್ಕ ಅಂಶವೊಂದುಂಟು. ಬಳ್ಳಿಯ ಕೊಂಬೆಗಳು ಗಾಜಿನ ಒಳಗಿವೆ. ಆದರೆ ಬೇರುಗಳು ಹೊರಗಿನ ಬಯಲಿನ ಮಣ್ಣಿನಲ್ಲಿ ಹರಡಿಕೊಂಡಿವೆ. ಆ ಬೇರುಗಳ ಆಹಾರಕ್ಕೆ ಪಾಲುಗಾರರು ಇರಬಾರದೆಂದು ಗಾಜಿನ ಮನೆಯ ಮುಂದಿನ ಒಂದು ತುಂಡು ನೆಲದಲ್ಲಿ ಬೇರೆ ಏನನ್ನೂ ಬೆಳೆಯದೆ ಬರಿದಾಗಿಯೇ ಬಿಟ್ಟಿದ್ದಾರೆ.

ಮನೆಯ ಹಿತ್ತಲಿನಲ್ಲಿ ಸಣ್ಣ ಗಾಜಿನ ಮನೆಯಿಟ್ಟುಕೊಂಡಿರುವ ಸಾಮಾನ್ಯ ಆಂಗ್ಲ ಗೃಹಸ್ಥನೂ ಇದೇ ಜಾಡಿನಲ್ಲಿ ನಡೆಯುತ್ತಾನೆ. ಚಳಿಗಾಲ ಬಂದಾಗ ಅವನು ಬಾಗಿಲನ್ನು ಬಿಗಿಯಾಗಿ ಮುಚ್ಚಿ ಬಳ್ಳಿಯನ್ನು ಬೆಚ್ಚಗಿಡುವನೆಂದು ಯಾರಾದರೂ ಊಹಿಸಬಹುದು. ಅವನು ಮಾಡುವುದು ಅದಲ್ಲ. ಬಾಗಿಲು ಕಿಟಕಿಗಳನ್ನು ತೆರೆದಿಟ್ಟು ಚಳಿಯನ್ನು ಒಳಕ್ಕೆ ಕರೆಯುತ್ತಾನೆ. ಏಕೆಂದರೆ ನಿದ್ರೆಯಿಲ್ಲದ ಬಳ್ಳಿಯು ವಸಂತದಲ್ಲಿ ಸರಿಯಾಗಿ ಚಿಗುರದೆಂದು ಅವನು ಬಲ್ಲನು. ಹೂವಿನ ಕಾಲದಲ್ಲಿ ಒಳಗೆ ಗಾಳಿಯಿಲ್ಲವೆಂದು ಮಧ್ಯಾಹ್ನದ ಹೊತ್ತು ಬಳ್ಳಿಯನ್ನು ಮೆಲ್ಲಗೆ ಅಲುಗಾಡಿಸುತ್ತಾನೆ. ಹಾಗಲ್ಲದಿದ್ದರೆ ಕಾಯಿ ಸರಿಯಾಗಿ ಕಚ್ಚದೆ ಹೋಗಬಹುದು. ಕಾಯಿಗಳು ಒತ್ತಾದಾಗ ಸಣ್ಣ ಕತ್ತರಿಯಿಂದ ಕೆಲವನ್ನು ಬಿಡಿಸಿ ಉಳಿದವಕ್ಕೆ ಎಡೆ ಮಾಡಿಕೊಡುತ್ತಾನೆ. ಹೀಗೆ ಗಾಜಿನ ಮನೆಯೆಂಬುದು ಅಲ್ಲಿ ಕಷ್ಟಗಳನ್ನೆಲ್ಲ ಹೊರಗಿಡುವ ಕೋಟೆಯಲ್ಲ. ಯಾವ ಕಷ್ಟ ಬಳ್ಳಿಗೆ ಬೇಡವೋ ಅದಕ್ಕೆ ಮುಚ್ಚಿ, ಯಾವುದು ಬೇಕೋ ಅದಕ್ಕೆ ತೆರೆಯುವ ಬಾಗಿಲು ಅದು. ಒಂದು ದೇಶವು ಬಳ್ಳಿಗೆ ಬೇಸಗೆಯನ್ನು ಕೊಡಬೇಕು, ಇನ್ನೊಂದು ದೇಶವು ಚಳಿಗಾಲವನ್ನು ಕೊಡಬೇಕು. ಕೊಡಬೇಕಾದುದು ಬೇರೆಬೇರೆ, ಕೊಡುವ ಸೂತ್ರ ಒಂದೇ. ಆಶ್ರಿತನಿಗೆ ಇಲ್ಲದುದನ್ನು ಅರಿತು ಅಷ್ಟನ್ನು ಮಾತ್ರ ತುಂಬುವುದೇ ಆ ಸೂತ್ರ.

ಹಾಗಾದರೆ ದೊಡ್ಡಬಳ್ಳಾಪುರದ ಹಿತ್ತಲಿನಲ್ಲಿ ಬಳ್ಳಿಗೆ ಬೇಕಾದ ಮರೆ ಯಾವುದು? ಶಾಖವಲ್ಲ, ಅದು ಇಲ್ಲಿ ಬೇಕಾದಷ್ಟಿದೆ. ಇಲ್ಲಿ ಅದರ ಶತ್ರು ಅಕಾಲದ ಮಳೆ. ಬೂಜುತುಪ್ಪಟ ರೋಗದ ಸೂಕ್ಷ್ಮಬೀಜಗಳು ಎಲೆಯ ಮೇಲಣ ನೀರಿನಲ್ಲಿ ಈಜಿಯೇ ಎಲೆಯನ್ನು ಹೊಗುತ್ತವೆ. ಎಲೆಯು ಒಣಗಿದ್ದರೆ ಅವಕ್ಕೆ ದಾರಿಯಿಲ್ಲ. ಈ ರೋಗಕ್ಕಾಗಿಯೇ ಫ್ರಾನ್ಸಿನ ಮಿಲಾರ್ಡೆ ಎಂಬ ವಿದ್ವಾಂಸನು 1885ರಲ್ಲಿ ಮೈಲುತುತ್ತವನ್ನೂ ಸುಣ್ಣವನ್ನೂ ಬೆರೆಸಿದ ಬೋರ್ಡೋ ದ್ರಾವಣವನ್ನು ಪ್ರಕಟಿಸಿದನು. ಅಕ್ಟೋಬರಿನಲ್ಲಿ ಸವರಿದ ಬಳ್ಳಿಯ ಎಳೆ ಚಿಗುರೂ ಹೂವೂ ಹಿಂಗಾರಿನ ಮಳೆಗೆ ಸಿಕ್ಕದಂತೆ ಮೇಲೊಂದು ಹೊದಿಕೆಯಿದ್ದರೆ ಔಷಧವನ್ನು ಎರಚುವ ಶ್ರಮವೂ ಕಡಿಮೆಯಾಗುವುದು. ಆದುದರಿಂದ ಗೃಹಸ್ಥನ ಮಾಡು ಸಾರ್ಥಕವೇ. ಆದರೆ ಮಾಡು ಸಾಕಾದಲ್ಲಿ ಅವನು ಗೋಡೆಗಳನ್ನೂ ಕಟ್ಟಿದನು. ಗೋಡೆಗಳು ಸಾಲವೆಂದು ನೆರಳಿನ ಪರದೆಯನ್ನೂ ಎಳೆದನು. ಅವನ ತಪ್ಪು ಅಲ್ಲಿಂದ ಮೊದಲಾಯಿತು.

ಮುಚ್ಚಿದ ಹಾಳೆಯೊಳಗೆ ಬೇಸಗೆಯ ಮಧ್ಯಾಹ್ನ ಶಾಖವು ಹೊರಗಿಗಿಂತ ಬಹಳ ಏರಿ ಎಲೆ ಬಾಡುವುದು. ಇದು ಕಣ್ಣಿಗೆ ಕಾಣುವ ಕೇಡು. ಕಾಣದ ಕೇಡು ನೆರಳಿನದು. ದ್ರಾಕ್ಷಿಯ ಗೊಂಚಲಿನ ಅಂಕುರವು ಚಿಗುರಿನೊಡನೆ ಹುಟ್ಟುವುದಲ್ಲ. ಅದಕ್ಕೆ ತಿಂಗಳುಗಟ್ಟಲೆ ಮೊದಲೇ, ಹಿಂದಿನ ಕಡ್ಡಿಯ ಕಣ್ಣಿನೊಳಗೆ, ಆ ಕಡ್ಡಿಗೆ ಬಿದ್ದ ಬಿಸಿಲಿನ ಬಲದಿಂದ ರೂಪುಗೊಳ್ಳುತ್ತದೆ. ನೆರಳಿನಲ್ಲಿ ಬೆಳೆದ ಕಡ್ಡಿಯು ಸೊಂಪಾಗಿರುವುದು, ಎಲೆ ಅಗಲವಾಗಿರುವುದು, ಕಣ್ಣಿನೊಳಗೆ ಮಾತ್ರ ಗೊಂಚಲಿರದು. ಬಿಸಿಲನ್ನು ತಪ್ಪಿಸಿದವನಿಗೆ ತಾನೇನನ್ನು ಕಳೆದೆನೆಂಬುದು ಆಗ ತಿಳಿಯುವುದಿಲ್ಲ. ಮುಂದಿನ ಫಸಲಿನಲ್ಲಿ ತಿಳಿಯುತ್ತದೆ. ಇನ್ನೊಂದು ಕೇಡು ಬೂದಿ ರೋಗ. ಇದಕ್ಕೆ ಎಲೆಯ ಮೇಲೆ ನೀರು ನಿಲ್ಲಬೇಕಾದುದಿಲ್ಲ. ಗಾಳಿಯಾಡದ ನೆರಳು ಇದಕ್ಕೆ ಅನುಕೂಲ. ಯೂರೋಪಿನಲ್ಲಿ ಈ ರೋಗವು ಮೊದಲು ಪತ್ತೆಯಾದುದು ಬಯಲಿನ ತೋಟದಲ್ಲಿ ಅಲ್ಲ. 1845ರಲ್ಲಿ ಇಂಗ್ಲೆಂಡಿನ ಮಾರ್ಗೇಟ್ ಎಂಬಲ್ಲಿ ಟಕರ್ ಎಂಬ ತೋಟಗಾರನು ಗಾಜಿನ ಮನೆಯ ದ್ರಾಕ್ಷಿಯ ಮೇಲೆ ಇದನ್ನು ಕಂಡನು. ಮುಂದಿನ ಹತ್ತು ವರ್ಷಗಳೊಳಗೆ ಫ್ರಾನ್ಸಿನ ಬಯಲು ತೋಟಗಳೆಲ್ಲ ಅದರಿಂದ ತತ್ತರಿಸಿದವು; ಗಂಧಕದ ಪುಡಿಯನ್ನು ಎರಚಲು ಕಲಿತ ಮೇಲೆಯೇ ಅವು ಚೇತರಿಸಿಕೊಂಡವು. ಒಂದು ಭಯಕ್ಕೆ ಮುಚ್ಚಿದ ಬಾಗಿಲ ಹಿಂದೆ ಮತ್ತೊಂದು ಭಯವು ಬೆಳೆಯುತ್ತದೆಂಬುದಕ್ಕೆ ಇದು ಸಾಕಾದ ನಿದರ್ಶನ.

ಇಲ್ಲಿ ಗೃಹಸ್ಥನ ಮನಸ್ಸನ್ನು ಪರೀಕ್ಷಿಸಬೇಕು. ಮಾಡನ್ನು ಕಟ್ಟಿಸಿದುದು ಬಳ್ಳಿಯ ಕೊರತೆ. ಗೋಡೆಯನ್ನೂ ಪರದೆಯನ್ನೂ ಕಟ್ಟಿಸಿದುದು ಅವನ ಭಯ. ಎರಡಕ್ಕೂ ಅವನು ‘ಪ್ರೀತಿ’ಯೆಂಬ ಒಂದೇ ಹೆಸರನ್ನು ಕೊಟ್ಟನು. ಲೋಕದಲ್ಲಿ ರಕ್ಷಣೆಯ ಹೆಸರಿನಲ್ಲಿ ನಡೆಯುವ ಕೇಡುಗಳಲ್ಲಿ ಬಹುಪಾಲು ಹೀಗೆಯೇ ಹುಟ್ಟುತ್ತವೆ. ಆಶ್ರಿತನ ಕೊರತೆಗೆ ಮೇರೆಯುಂಟು. ರಕ್ಷಕನ ಭಯಕ್ಕೆ ಮೇರೆಯಿಲ್ಲ.

ಈಗ ಕತ್ತರಿಯ ವಿಷಯದಲ್ಲಿ ಒಂದು ಕಠಿನವಾದ ಆಕ್ಷೇಪವುಂಟು. ಅದನ್ನು ಮರೆಮಾಚುವುದು ವಿಚಾರಪರರಿಗೆ ಸಲ್ಲದು. ಬಳ್ಳಿಯ ಒಳಿತಿಗಾಗಿಯೇ ಸವರುವೆನೆಂದು ತೋಟಗಾರನು ಹೇಳುವನಷ್ಟೆ. ಈ ಮಾತು ನಿಜವೆ? ಕಾಡಿನ ದ್ರಾಕ್ಷಿಬಳ್ಳಿಗೆ ಯಾರೂ ಕತ್ತರಿ ಹಾಕುವುದಿಲ್ಲ. ಅದು ಮರವನ್ನು ಹತ್ತಿ, ಬಿಸಿಲಿರುವಲ್ಲಿಗೆ ತಲೆಯನ್ನು ಚಾಚಿ, ಸಣ್ಣ ಹಣ್ಣುಗಳನ್ನು ಬಿಟ್ಟು, ಹಕ್ಕಿಗಳ ಮೂಲಕ ಬೀಜಗಳನ್ನು ದೂರಕ್ಕೆ ಕಳುಹಿಸಿ, ತನ್ನ ಜನ್ಮವನ್ನು ಸಾರ್ಥಕಪಡಿಸಿಕೊಳ್ಳುತ್ತದೆ. ದೊಡ್ಡ ಗೊಂಚಲು, ತುಂಬಿದ ಕಾಯಿ, ವರ್ಷಕ್ಕೆರಡು ಫಸಲು, ಇವು ಬಳ್ಳಿಯ ಬಯಕೆಗಳಲ್ಲ, ಮನುಷ್ಯನವು. ಹಾಗಿರುವಲ್ಲಿ ‘ನಿನ್ನ ಒಳಿತಿಗಾಗಿಯೇ ನಿನ್ನನ್ನು ಕೊಯ್ಯುತ್ತೇನೆ’ ಎಂಬುದು ಎಷ್ಟು ಮಧುರವಾಗಿದ್ದರೂ ಸುಳ್ಳು.

ಇದಕ್ಕೆ ಸಮಾಧಾನವೇನೆಂದರೆ: ಹಣ್ಣನ್ನು ಬಯಸುವುದು ಪಾಪವಲ್ಲ, ಬಯಕೆಯನ್ನು ದಯೆಯೆಂದು ಕರೆಯುವುದು ಅಸತ್ಯ. ತೋಟಗಾರನು ಮೊದಲು ಇದನ್ನು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡ ಮೇಲೆ ಅವನ ಅಧಿಕಾರವು ಯಾವುದರಿಂದ ಬಂತೆಂಬುದು ಸ್ಪಷ್ಟವಾಗುವುದು. ಬಳ್ಳಿಯನ್ನು ಅದರ ಕಾಡಿನಿಂದ, ಅದರ ಶಿಶಿರದಿಂದ, ಅದರ ಆಸರೆಯ ಮರದಿಂದ ಅಗಲಿಸಿ ತಂದವನು ಮನುಷ್ಯ. ತಂದ ದಿನವೇ ಅವನು ಸಾಲಗಾರನಾದನು. ಕಳೆದುಕೊಂಡ ಆಸರೆಯ ಬದಲಿಗೆ ಚಪ್ಪರವನ್ನೂ, ಕಳೆದುಕೊಂಡ ಶಿಶಿರದ ಬದಲಿಗೆ ಕತ್ತರಿಯನ್ನೂ ಕೊಟ್ಟು ಅವನು ಆ ಸಾಲವನ್ನು ತೀರಿಸತಕ್ಕವನು. ಕೊಯ್ಯುವ ಅಧಿಕಾರವು ಒಡೆತನದಿಂದ ಬಂದುದಲ್ಲ, ಋಣದಿಂದ ಬಂದುದು. ಸವರಿದ ದಪ್ಪ ಗಾಯಕ್ಕೆ ಲೇಪ ಹಚ್ಚದೆ, ಬುಡಕ್ಕೆ ಗೊಬ್ಬರ ಹಾಕದೆ, ಹೊಸ ಚಿಗುರನ್ನು ತಂತಿಗೆ ಕಟ್ಟದೆ, ನಾಲ್ಕು ತಿಂಗಳ ಮೇಲೆ ಬುಟ್ಟಿ ಹಿಡಿದು ಬರುವವನಿಗೆ ಆ ಅಧಿಕಾರವಿಲ್ಲ. ಪಡೆದುದಕ್ಕೆ ಪ್ರತಿಯಾಗಿ ಕೊಡದೆ ಉಣ್ಣುವವನನ್ನು ಗೀತೆಯ ಮೂರನೆಯ ಅಧ್ಯಾಯವು ಕಳ್ಳನೆಂದೇ ಕರೆದಿದೆ.

ಬಳ್ಳಿಯ ವಿಷಯದಲ್ಲಿ ಇಷ್ಟು ಸೂಕ್ಷ್ಮವು ಬೇಕಾದರೆ ಮನುಷ್ಯರ ವಿಷಯದಲ್ಲಿ ಇನ್ನೆಷ್ಟು ಬೇಕು! ಮಗುವನ್ನು ಬಳ್ಳಿಗೆ ಹೋಲಿಸುವುದು ಕವಿಗಳಿಗೂ ಉಪಾಧ್ಯಾಯರಿಗೂ ಅಭ್ಯಾಸವಾಗಿದೆ. ಹೋಲಿಕೆಯು ಅರ್ಧದವರೆಗೆ ಮಾತ್ರ ಸರಿ. ಎಂದೂ ಬಿಸಿಲಿಗೆ ಬಿಡದ ಮಗುವು ಎಲೆಯನ್ನೇ ಬೆಳೆಸುವುದೆಂಬಲ್ಲಿಯವರೆಗೆ ಸರಿ. ಪರೀಕ್ಷೆಯಲ್ಲಿ ಸೋತ ಹುಡುಗನಿಗೆ ಆ ಸೋಲನ್ನು ಅನುಭವಿಸಲು ಬಿಡದೆ ತಂದೆಯು ಮಧ್ಯೆ ಬಂದು ನೆಪಗಳನ್ನು ಹುಡುಕಿಕೊಟ್ಟರೆ, ಅದು ಚಳಿಗಾಲದಲ್ಲಿ ಗಾಜಿನ ಬಾಗಿಲನ್ನು ಮುಚ್ಚಿದಂತೆ. ಆದರೆ ಕತ್ತರಿಯ ಬಳಿಗೆ ಬಂದಾಗ ಹೋಲಿಕೆಯು ಮುರಿಯುತ್ತದೆ. ಬಳ್ಳಿಯ ಹಣ್ಣು ಬೆಳೆಸಿದವನಿಗೆ. ಮಗುವಿನ ಬಾಳಿನ ಹಣ್ಣು ಮಗುವಿಗೇ. ಚಿತ್ರ ಬರೆಯುವ ಮಗನ ಕೈಯಿಂದ ಕುಂಚವನ್ನು ಕಿತ್ತುಕೊಂಡು ‘ನಿನ್ನ ಒಳಿತಿಗಾಗಿಯೇ’ ಎಂದು ಹೇಳುವ ತಂದೆಯು ಅಲ್ಲಿ ತನ್ನ ಬುಟ್ಟಿಯನ್ನು ಮರೆಸಿಟ್ಟಿದ್ದಾನೆಯೇ ಎಂದು ತನ್ನನ್ನು ತಾನೇ ಕೇಳಿಕೊಳ್ಳಬೇಕು. ಬಳ್ಳಿಗೆ ಮಾತು ಬಾರದು, ಮಗನಿಗೆ ಬರುತ್ತದೆ. ಮಾತು ಬರುವವನನ್ನು ಕೇಳದೆ ಸವರುವುದು ಧರ್ಮವಲ್ಲ. ಅವನು ಬೆಳೆದಂತೆಲ್ಲ ಕತ್ತರಿಯನ್ನು ಅವನ ಕೈಗೇ ಕೊಟ್ಟು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಆರಿಸುವುದನ್ನು ಕಲಿಸುವುದೇ ಶಿಕ್ಷಣ.

ವೃದ್ಧರ ವಿಷಯವು ಇನ್ನೂ ಕರುಣಾಜನಕ. ದೊಡ್ಡಬಳ್ಳಾಪುರದ ಮಗ್ಗದ ಬೀದಿಯಲ್ಲಿ ಐವತ್ತು ವರ್ಷ ಬಾಳಿದ ತಾಯಿಯನ್ನು ಮಗನು ಬೆಂಗಳೂರಿನ ಎತ್ತರದ ಮಹಡಿಯ ಮನೆಗೆ ಕರೆದೊಯ್ಯುತ್ತಾನೆ. ಅಲ್ಲಿ ಮಳೆಯಿಲ್ಲ, ಧೂಳಿಲ್ಲ, ಒಲೆಯ ಕೆಲಸವೂ ಇಲ್ಲ. ಸೇವೆಯಲ್ಲಿ ಲೋಪವಿಲ್ಲ, ಮಗನ ಪ್ರೀತಿಯಲ್ಲಿಯೂ ಕಪಟವಿಲ್ಲ. ಆದರೂ ತಾಯಿ ದಿನದಿನಕ್ಕೆ ಬಾಡುವಳು. ಬೆಳಗ್ಗೆ ಎದ್ದರೆ ಕೇಳುತ್ತಿದ್ದ ಮಗ್ಗಗಳ ಸದ್ದು, ಜಗಲಿಯ ಮೇಲೆ ಬಂದು ಕೂರುತ್ತಿದ್ದ ನೆರೆಯವಳು, ಘಾಟಿ ಸುಬ್ರಹ್ಮಣ್ಯದ ಜಾತ್ರೆಗೆ ಹೊರಡುವ ಜನರ ಗದ್ದಲ, ಇವು ಅವಳ ಬೇರುಗಳು. ಹ್ಯಾಂಪ್ಟನ್ ಕೋರ್ಟಿನ ತೋಟಗಾರರು ಕೊಂಬೆಗಳಿಗೆ ಗಾಜನ್ನು ಹೊದಿಸಿದರೂ ಬೇರುಗಳನ್ನು ಅವುಗಳ ಮಣ್ಣಿನಲ್ಲಿಯೇ ಬಿಟ್ಟರು. ಆ ಮಣ್ಣಿಗಾಗಿ ಬೆಲೆಬಾಳುವ ನೆಲವನ್ನು ಬರಿದಾಗಿಟ್ಟರು. ತಾಯಿಯನ್ನು ಒಳಕ್ಕೆ ಕರೆದೊಯ್ಯುವ ಮಗನು ಇಷ್ಟನ್ನಾದರೂ ಯೋಚಿಸಬೇಡವೆ? ತಿಂಗಳಿಗೊಂದಾವರ್ತಿ ಅವಳನ್ನು ಹಳೆಯ ಬೀದಿಗೆ ಕರೆತರುವುದು, ಬೀಗ ಹಾಕಿದ ಹಳೆಯ ಮನೆಯನ್ನು ಮಾರಲು ಅವಸರಪಡದಿರುವುದು, ಇವು ಲೆಕ್ಕದ ಪುಸ್ತಕದಲ್ಲಿ ನಷ್ಟವಾಗಿ ಕಾಣಬಹುದು. ಬೇರಿಗಾಗಿ ಬಿಟ್ಟ ನೆಲವು ನಷ್ಟವಲ್ಲ.

ಇಷ್ಟರಿಂದ ಏರ್ಪಡುವುದೇನೆಂದರೆ, ರಕ್ಷಣೆಯ ಪ್ರಮಾಣವನ್ನು ಆಶ್ರಿತನ ಕೊರತೆಯಿಂದ ಅಳೆಯಬೇಕೇ ಹೊರತು ರಕ್ಷಕನ ಭಯದಿಂದ ಅಳೆಯಬಾರದು. ಮಾಡನ್ನು ಕಟ್ಟುವಾಗಲೇ ಬಾಗಿಲನ್ನೂ ಇಟ್ಟು, ಅದನ್ನು ತೆರೆಯುವ ಕಾಲವನ್ನು ಅರಿತಿರಬೇಕು. ಕೊಯ್ಯಬೇಕಾದಲ್ಲಿ ಯಾರ ಹಣ್ಣಿಗಾಗಿ ಕೊಯ್ಯುವುದೆಂಬುದನ್ನು ಮೊದಲು ತನಗೆ ತಾನೇ ನಿಜವಾಗಿ ಹೇಳಿಕೊಳ್ಳಬೇಕು.

ಹಿತ್ತಲಿನ ಗೃಹಸ್ಥನು ಇದನ್ನು ತಿಳಿದನೆಂದರೆ, ಮಾಡನ್ನು ಉಳಿಸಿಕೊಂಡು ಗೋಡೆಯ ಹಾಳೆಗಳನ್ನು ಸುತ್ತಿ ಮೇಲಕ್ಕೆ ಕಟ್ಟುವನು. ನೆರಳಿನ ಪರದೆಯನ್ನು ತೆಗೆದುಬಿಡುವನು. ಗಾಳಿ ಬರುವುದು, ಗಾಳಿಯೊಡನೆ ಹಕ್ಕಿಯೂ ಬರುವುದು. ಒಂದೆರಡು ಗೊಂಚಲು ಹೋದರೆ ಹೋಗಲಿ. ಅಕ್ಟೋಬರಿನ ಒಂದು ಬೆಳಗ್ಗೆ ಕತ್ತರಿಯನ್ನು ಹಿಡಿದು ಬಳ್ಳಿಯ ಬಳಿಗೆ ಹೋಗುವನು. ಸವರಿದ ಕಡ್ಡಿಯ ತುದಿಯಿಂದ ತಿಳಿಯಾದ ನೀರು ತೊಟ್ಟುತೊಟ್ಟಾಗಿ ಇಳಿಯುವುದುಂಟು. ಅದು ಬೇರು ಮೇಲಕ್ಕೆ ತಳ್ಳಿದ ಜೀವರಸವೆಂದೂ, ಅದರಿಂದ ಬಳ್ಳಿಗೆ ಕೇಡಿಲ್ಲವೆಂದೂ, ಕೆಲವು ದಿನಗಳಲ್ಲಿ ತಾನೇ ನಿಲ್ಲುವುದೆಂದೂ ತಿಳಿದವರು ಹೇಳುತ್ತಾರೆ. ಅದು ನಿಜ. ಆದರೂ ಕತ್ತರಿ ಹಿಡಿದವನು ಆ ನೀರನ್ನು ನೋಡದೆ ಮುಖ ತಿರುಗಿಸಿ ಹೋಗಬಾರದು. ಅದನ್ನು ಕಂಡು, ತಾನು ಸಾಲಗಾರನೆಂಬುದನ್ನು ನೆನೆದು, ಬುಡಕ್ಕೆ ಗೊಬ್ಬರವನ್ನೂ ನೀರನ್ನೂ ತರಲು ಹೋಗುವವನ ಕೈಯಲ್ಲಿ ಮಾತ್ರವೇ ಕತ್ತರಿಯು ಶಿಶಿರವಾಗುವುದು. ಉಳಿದವರ ಕೈಯಲ್ಲಿ ಅದು ಕತ್ತರಿಯೇ.